ಹೆಬ್ಬಾತಕ್ಕನಿಗೆ ಆಧಾರವೇನು

ನವೆಂಬರ್ 3

ಕಾಲಿಗೆ ಪ್ಲಾಸ್ಟರ್ ಹಾಕಿ ಇಂದಿಗೆ ಆರು ದಿನ. ಎಲ್ಲಿ ಬಿದ್ದಿರಿ ಎಂದು ಕೇಳಿದವರಿಗೆಲ್ಲ ಮೆಟ್ಟಿಲ ಮೇಲೆ ಎಂದು ಹೇಳಿದ್ದೇನೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯಬಹುದು. ಕುರ್ಚಿಯ ಮೇಲೆ ಮಣೆ ಇಟ್ಟು, ಅದರ ಮೇಲೆ ನಿಂತು, ಮೇಲಿನ ಕಪಾಟಿನ ಉಪ್ಪಿನಕಾಯಿ ಜಾಡಿಗೆ ಕೈ ಚಾಚಿದ್ದೆ. ಜಾಡಿಗೆ ಏನೂ ಆಗಲಿಲ್ಲ.

ಆರು ವಾರ ಎಂದಿದ್ದಾರೆ ಡಾಕ್ಟರು. ನಾನಿರುವುದು ಐದನೆಯ ಮಹಡಿಯಲ್ಲಿ. ಲಿಫ್ಟಿಗೆ ಈಸ್ಟರ್‌ನಿಂದಲೂ ‘ದುರಸ್ತಿಯಲ್ಲಿದೆ’ ಎಂಬ ಬೋರ್ಡು ತಗಲಿಸಿದ್ದಾರೆ. ಮೂರನೆಯ ಮಹಡಿಯ ಜ್ದ್ರಾವ್ಕಾ ದಿನಾ ಬ್ರೆಡ್ಡು, ಮೊಸರು ಮತ್ತು ಇಡೀ ಬಡಾವಣೆಯ ಸುದ್ದಿ ತಂದು ಹಾಕುತ್ತಾಳೆ. ಮುಖಪುಟದಲ್ಲಿ ಬೆಕ್ಕಿನ ಮರಿ ಇರುವ ಈ ನೋಟ್‌ಬುಕ್ಕೂ ಅವಳದೇ. “ಇದ್ರಲ್ಲಿ ಬರ್ಕೊಳ್ಳೇ. ನನ್ನ ತಲೆ ತಿನ್ನೋದಾದ್ರೂ ತಪ್ಪುತ್ತೆ,” ಎಂದಳು.

ಬೇಜಾರಾಗುತ್ತದೆ ಎಂದೇನಲ್ಲ. ನನಗೆ ವಿಕಿ ಇದೆ. ‘ಹಾದಿ ತಪ್ಪಿದ ಪೆಟ್ಟಿಗೆ’ ಎಂಬ ಹಳೆಯ ಮಕ್ಕಳ ಧಾರಾವಾಹಿಯ ಅಭಿಮಾನಿಗಳು ಸೇರಿ ನಡೆಸುವ ವಿಕಿ. ಏಳು ಕಂತು, ಒಂದು ಪೆಟ್ಟಿಗೆ, ಬಲ್ಗೇರಿಯಾದ ಅರ್ಧ ರೈಲುಗಳು. ದಿನವೂ ಬರೆಯುವವರು ಮೂವರೇ. ಯಜಮಾನಿಕೆ ಬಿಲ್ಯಾನಾಳದು, ಗೊರ್ನಾ ಒರ್ಯಾಹೊವಿತ್ಸಾದ ಶಾಲೆಯೊಂದರಲ್ಲಿ ಗ್ರಂಥಪಾಲಕಿ. ಎರಡನೆಯವನು ‘ಹಳೇಟೊಪ್ಪಿ’ ಎಂಬ ಹೆಸರಿನಲ್ಲಿ ಬರೆಯುವ ರಾಜ್‌ಗ್ರಾದ್‌ನ ಒಬ್ಬ ಹಲ್ಲಿನ ಸೆಟ್ಟು ಮಾಡುವವನು. ಮೂರನೆಯವಳು ನಾನು, ‘ಮೂರನೇ ಪ್ಲಾಟ್‌ಫಾರಂ’. ನನ್ನನ್ನು ಗಂಡಸೆಂದು ತಿಳಿದಿದ್ದಾರೆ. ತಿದ್ದಲು ಹೋಗಿಲ್ಲ.

ಪುಟಗಳಿಗೆ ಹೆಸರಿಡುವ ಹನ್ನೊಂದು ನಿಯಮಗಳನ್ನು ಬರೆದವಳು ನಾನೇ. ಮೂವತ್ತನಾಲ್ಕು ವರ್ಷ ರುಸೆ ನಿಲ್ದಾಣದ ಮೈಕಿನಲ್ಲಿ ರೈಲು ಕೂಗಿದವಳಿಗೆ ಹೆಸರು ಹೇಗೆ ಹೇಳಬೇಕೆಂದು ಬೇರೆಯವರು ಕಲಿಸಬೇಕಾಗಿಲ್ಲ.

ನವೆಂಬರ್ 5

ಇಂದು ಬೆಳಿಗ್ಗೆ ಮೂರನೆಯ ಕಂತಿನ ಒಂದು ಪುಟದ ಶೀರ್ಷಿಕೆ ಬದಲಾಯಿಸಿದೆ. ‘ಹೆಬ್ಬಾತಕ್ಕ’ ಎಂದಿತ್ತು. ‘ಹೆಬ್ಬಾತು ಹಿಡಿದ ಹೆಂಗಸು, ಕಂತು 3’ ಎಂದು ಮಾಡಿದೆ. ನಾಲ್ಕನೆಯ ನಿಯಮ ಸ್ಪಷ್ಟವಾಗಿದೆ. ತೆರೆಯ ಮೇಲೆ ಹೆಸರು ಕೇಳಿಸದ, ಕೊನೆಯ ಹೆಸರುಪಟ್ಟಿಯಲ್ಲಿ ಕಾಣಿಸದ ಪಾತ್ರಕ್ಕೆ ಕಣ್ಣಿಗೆ ಕಂಡದ್ದೇ ಹೆಸರು. ಅಭಿಮಾನಿಗಳು ಮುದ್ದಿಗೆ ಇಟ್ಟ ಅಡ್ಡಹೆಸರು ನಡೆಯುವುದಿಲ್ಲ.

ಮಧ್ಯಾಹ್ನ ಹಳೇಟೊಪ್ಪಿ ಅದನ್ನು ಮತ್ತೆ ಹೆಬ್ಬಾತಕ್ಕ ಮಾಡಿದ್ದ. ನಾನು ಮತ್ತೆ ಹೆಂಗಸು ಮಾಡಿದೆ. ಅವನು ಮತ್ತೆ ಅಕ್ಕ ಮಾಡಿದ. ಕೊನೆಗೆ ಬಿಲ್ಯಾನಾ ಪುಟಕ್ಕೆ ಬೀಗ ಹಾಕಿ ನಮ್ಮಿಬ್ಬರನ್ನೂ ಹರಟೆಗುಂಪಿಗೆ ಎಳೆದಳು.

“ಪ್ಲಾಟ್‌ಫಾರಂ ರಾಯರೇ,” ಎಂದು ಬರೆದ ಹಳೇಟೊಪ್ಪಿ, “ಇಡೀ ದೇಶ ಅವಳನ್ನ ಹೆಬ್ಬಾತಕ್ಕ ಅಂತಾನೇ ಕರೆಯೋದು. ನೀವೊಬ್ರು ಪೊಲೀಸ್ ಸ್ಟೇಷನ್ ಭಾಷೇಲಿ ಹೆಬ್ಬಾತು ಹಿಡಿದ ಹೆಂಗಸು ಅಂತೀರಲ್ಲ. ಹೆಬ್ಬಾತು ಕದ್ಕೊಂಡು ಸಿಕ್ಕಿಬಿದ್ದೋಳ ಥರ ಇದೆ.”

“ದೇಶ ಏನಾದರೂ ಕರೀಲಿ. ನಿಯಮ ನಿಯಮವೇ.”

“ನಿಯಮ ಬರೆದಿದ್ದು ಯಾರು ಸ್ವಾಮಿ?”

“ನೀವು ಒಪ್ಪಿದ್ದಿರಿ.”

“ಒಪ್ಪಿದಾಗ ಊಟದ ಹೊತ್ತು, ಹಸಿದಿದ್ದೆ.”

ಬಿಲ್ಯಾನಾ ನಡುವೆ ಬಾಯಿ ಹಾಕಿ, “ಇಬ್ರೂ ಒಂದೊಂದು ಲೋಟ ನೀರು ಕುಡೀರಿ. ವೋಟಿಗೆ ಹಾಕೋಣ, ಒಂದು ತಿಂಗಳು ಟೈಮು,” ಎಂದಳು.

ನೀರು ಕುಡಿದೆ. ಏನೂ ಪ್ರಯೋಜನವಾಗಲಿಲ್ಲ.

ನವೆಂಬರ್ 6

ಇದನ್ನು ಎಲ್ಲಿಯಾದರೂ ಬರೆಯಲೇಬೇಕು. ಹೆಬ್ಬಾತಕ್ಕ ನಾನೇ.

1983ರ ಸೆಪ್ಟೆಂಬರಿನಲ್ಲಿ ಸೋಫಿಯಾದ ಚಿತ್ರೀಕರಣದವರು ನಮ್ಮ ನಿಲ್ದಾಣಕ್ಕೆ ಬಂದಿದ್ದರು. ಹೆಬ್ಬಾತು ಹಿಡಿದುಕೊಂಡು ನಿಲ್ಲಬೇಕಿದ್ದ ನಟಿ ಬರಲಿಲ್ಲ. ನನ್ನನ್ನು ಮೈಕಿನ ಮುಂದಿನಿಂದ ಎಬ್ಬಿಸಿ ಕರೆದುಕೊಂಡು ಹೋದರು. ನನಗೆ ಇಪ್ಪತ್ತನಾಲ್ಕು ವರ್ಷ. ಮಾತಿಲ್ಲ, ಅಲ್ಲಾಡದೆ ನಿಂತರೆ ಸಾಕು ಎಂದರು. ಹೆಬ್ಬಾತಿಗೆ ಮಾತ್ರ ಇದನ್ನು ಯಾರೂ ತಿಳಿಸಿರಲಿಲ್ಲ. ಕ್ಯಾಮೆರಾ ಶುರುವಾದದ್ದೇ ಅದು ನನ್ನ ಮಣಿಕಟ್ಟು ಕಚ್ಚಿ, ಕೆಳಗೆ ಹಾರಿ, ಮೂರನೆಯ ಪ್ಲಾಟ್‌ಫಾರಂ ಉದ್ದಕ್ಕೂ ಓಡಿತು. ಹಿಂದೆ ನಾನು. ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ದೋಣಿಯ ಹುಟ್ಟು ಹಾಕುವವರಂತೆ ಬೀಸುತ್ತಾ. ನಲವತ್ತೊಂದು ಸೆಕೆಂಡು. ನಿರ್ದೇಶಕರು ನಕ್ಕು ನಕ್ಕು ಕಣ್ಣೊರೆಸಿಕೊಂಡು ಅದನ್ನೇ ಇಟ್ಟುಕೊಂಡರು. ಸೋಫಿಯಾಕ್ಕೆ ಕರೆಸಿಕೊಳ್ಳುತ್ತೇವೆ ಎಂದೂ ಹೇಳಿದರು. ಹೊಸ ಬೂಟು ಕೊಂಡು ಕಾದೆ. ಕರೆ ಬರಲಿಲ್ಲ.

ಕೊನೆಯ ಪಟ್ಟಿಯಲ್ಲಿ ಹೆಬ್ಬಾತು ಒದಗಿಸಿದ ಸಹಕಾರಿ ಸಂಘಕ್ಕೆ ಕೃತಜ್ಞತೆ ಹೇಳಿದ್ದಾರೆ. ನನ್ನ ಹೆಸರಿಲ್ಲ. ಆಮೇಲೆ ಹತ್ತು ವರ್ಷ ರುಸೆಯ ಮಕ್ಕಳು ನನ್ನನ್ನು ಕಂಡಲ್ಲೆಲ್ಲ ಹೆಬ್ಬಾತಿನ ಹಾಗೆ ಕೂಗಿದರು. ನಾನು ಇಸ್ಕ್ರಾ ಮಿಂದೋವಾ ಎಂದು ಎಷ್ಟು ಜನಕ್ಕೆ ಗೊತ್ತಿತ್ತು? ನನ್ನ ಹೆಸರಂತೂ ಬರಲಿಲ್ಲ, ಆ ಅಡ್ಡಹೆಸರಾದರೂ ಅಳಿಯಲಿ. ನನಗೆ ಬೇಕಾದದ್ದು ಅಷ್ಟೇ.

ಏಳು ಕಂತುಗಳಲ್ಲಿ ಆರನ್ನು ಬಾಯಿಪಾಠ ಹೇಳಬಲ್ಲೆ. ಮೂರನೆಯದನ್ನು ನಾನು ನೋಡುವುದಿಲ್ಲ.

ನವೆಂಬರ್ 10

ಪ್ಲಾಸ್ಟರಿನ ಒಳಗೆ ತುರಿಕೆ. ಹೆಣಿಗೆ ಕಡ್ಡಿ ಹಾಕಿ ಕೆರೆದುಕೊಂಡೆ. ವೋಟು: ಹೆಬ್ಬಾತಕ್ಕ ಒಂಬತ್ತು, ಹೆಂಗಸು ಒಂದು. ಆ ಒಂದು ನನ್ನದು.

ನವೆಂಬರ್ 14

ಕಾಲಿನ ಸುದ್ದಿ ತಿಳಿದು ಬಿಲ್ಯಾನಾ ವಿಳಾಸ ಕೇಳಿದ್ದಳು, ಹೆಸರಿನ ಜಾಗದಲ್ಲಿ ‘ಮೂರನೇ ಪ್ಲಾಟ್‌ಫಾರಂ’ ಎಂದೇ ಬರೆದು ಕೊಟ್ಟಿದ್ದೆ. ಇಂದು ಪಾರ್ಸೆಲ್ ಬಂತು. ಕ್ವಿನ್ಸ್ ಹಣ್ಣಿನ ಜಾಮು, ಜೊತೆಗೆ ಒಂದು ಚೀಟಿ: “ರಾಯರೇ, ಕಾಲು ಬೇಗ ವಾಸಿ ಆಗ್ಲಿ. ಟೊಪ್ಪಿ ಜೊತೆ ಜಗಳ ಆಡೋಕೆ ಶಕ್ತಿ ಬೇಕಲ್ಲ.” ಜಾಮಿಗೆ ಸಕ್ಕರೆ ಒಂದು ಚೂರು ಹೆಚ್ಚಾಗಿದೆ. ಅರ್ಧ ಬಾಟಲಿ ಮುಗಿಯಿತು.

ಚರ್ಚಾ ಪುಟಕ್ಕೆ ಎಲ್ಲಿಂದಲೋ ಹೊಸಬರು ಬಂದು ಬರೆಯುತ್ತಿದ್ದಾರೆ. ವಿದಿನ್‌ನ ಒಬ್ಬ ಬರೆದಿದ್ದಾನೆ: “ನಮ್ಮನೇಲಿ ಯಾರಾದ್ರೂ ಬಸ್ಸಿಗೆ ಓಡಿದ್ರೆ ‘ನೋಡು, ಹೆಬ್ಬಾತಕ್ಕ ಆದ’ ಅಂತೀವಿ. ನಮ್ಮಪ್ಪ ಪಾರ್ಲಿಮೆಂಟ್ ಸುದ್ದಿ ನೋಡ್ತಾನೂ ಹಂಗೇ ಅಂತಾರೆ.” ಸ್ಪೇನಿನ ಹೋಟೆಲೊಂದರಲ್ಲಿ ಕೋಣೆ ಗುಡಿಸುವ ಹೆಂಗಸೊಬ್ಬಳದು ಇನ್ನೊಂದು: “ಎಲ್ಲಾ ಕೈಜಾರೋ ದಿನ ಆ ನಲವತ್ತೊಂದು ಸೆಕೆಂಡು ನೋಡ್ತೀನಿ. ಅವಳು ಕೊನೇವರೆಗೂ ನಿಲ್ಲಲ್ಲ, ಗಮನಿಸಿದೀರಾ? ಹೆಬ್ಬಾತೇ ಸುಸ್ತಾಗಿ ನಿಲ್ಲುತ್ತೆ.”

ಇದಕ್ಕೆಲ್ಲ ಆಧಾರವೇನು? ಒಂದೂ ಇಲ್ಲ. ಎರಡು ಸಲ ಓದಿದೆ. ನಿಯಮ ಉಲ್ಲಂಘನೆ ಏನಾದರೂ ಇದೆಯೇ ಎಂದು ನೋಡಲು.

ನವೆಂಬರ್ 22

ಮಾಡಬಾರದ್ದನ್ನು ಮಾಡಿಬಿಟ್ಟೆ.

ಹಳೇಟೊಪ್ಪಿ ಹರಟೆಗುಂಪಿನಲ್ಲಿ ಹೆಬ್ಬಾತಕ್ಕನ ಬಗ್ಗೆ ತನ್ನ ಹೊಸ ಸಿದ್ಧಾಂತ ಮಂಡಿಸುತ್ತಿದ್ದ. “ಅವಳು ಸೋಫಿಯಾದ ದೊಡ್ಡ ಹಾಸ್ಯನಟಿನೇ ಇರ್ಬೇಕು ರಾಯರೇ. ಅಂಥ ಓಟ ಸುಮ್ನೆ ಬರಲ್ಲ. ವರ್ಷಗಟ್ಲೆ ಕಲಿತಿರ್ಬೇಕು. ಆ ಮೊಣಕೈ ನೋಡಿ, ಆ ಮೊಣಕೈಯೇ ಒಂದು ಕಲೆ.”

ತಲೆ ಕೆಟ್ಟಿತು. ಬೆರಳು ನನ್ನನ್ನು ಕೇಳದೆಯೇ ಬರೆದವು: “ಅದು ಕಲೆಯೂ ಅಲ್ಲ, ಮಣ್ಣೂ ಅಲ್ಲ. ಅದು ನಾನು. ಇಸ್ಕ್ರಾ ಮಿಂದೋವಾ, ರುಸೆ ನಿಲ್ದಾಣದ ಘೋಷಕಿ.”

ಆಮೇಲೆ ಬಿಲ್ಯಾನಾ: “ರಾಯರೇ, ನೀವು ಹೆಂಗಸಾ?”

“ಅದಕ್ಕೂ ಆಧಾರ ಬೇಕಾ?”

“ಅದಕ್ಕೆ ಬೇಡ,” ಎಂದ ಹಳೇಟೊಪ್ಪಿ. “ಹೆಬ್ಬಾತಿಗೆ ಬೇಕು. ಕ್ಷಮಿಸಿ ಮೇಡಂ. ಆರನೇ ನಿಯಮ.”

ಆರನೆಯ ನಿಯಮ: ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತನ್ನು ದಾಖಲೆಯಿಲ್ಲದೆ ಒಪ್ಪತಕ್ಕದ್ದಲ್ಲ. ಬರೆದವಳು ನಾನು. ಅಲ್ಪವಿರಾಮದ ಸಮೇತ ನಾನು.

ಒಂದು ಫೋಟೋ ಇಲ್ಲ. ಒಂದು ಕಾಗದವಿಲ್ಲ. ಆ ದಿನ ಪ್ಲಾಟ್‌ಫಾರಂನಲ್ಲಿದ್ದ ನಮ್ಮ ಸ್ಟೇಷನ್ ಮಾಸ್ಟರು ತೀರಿಕೊಂಡು ಹದಿನೈದು ವರ್ಷವಾಯಿತು. ಬೂಟುಗಳಾದರೂ ಇದ್ದವು, ಅವನ್ನೂ ಯಾರಿಗೋ ಕೊಟ್ಟುಬಿಟ್ಟೆ.

ನವೆಂಬರ್ 23

ವಿಕಿಗೆ ಹೋಗಲಿಲ್ಲ. ನಿಯಮ ಸರಿಯಾಗಿಯೇ ಇದೆ. ಅದಕ್ಕೇ ಹೆಚ್ಚು ಸಿಟ್ಟು.

ನವೆಂಬರ್ 24

ಬೆಳಿಗ್ಗೆ ಕಾಫಿ ಕುಡಿಯುವಾಗ ಪ್ಲೆವೆನ್‌ನ ಕರಡಿ ನೆನಪಾದ.

ಏಪ್ರಿಲ್‌ನಲ್ಲಿ ಮೆತೋದಿ ಎಂಬೊಬ್ಬರು ಬರೆದಿದ್ದರು. ಐದನೆಯ ಕಂತಿನಲ್ಲಿ ಪೆಟ್ಟಿಗೆಯ ಮೇಲೆ ಕೂರುವ ಕರಡಿಯ ವೇಷದೊಳಗೆ ಇದ್ದದ್ದು ತಾವೇ, ಹೆಸರು ಸೇರಿಸುತ್ತೀರಾ ಎಂದು. ನಾನು ಒಂದೇ ಪದ ಉತ್ತರಿಸಿದ್ದೆ: “ಆಧಾರ?” ಪಾಪ, ಆಮೇಲೆ ಎರಡು ಸಲ ಬರೆದರು. ಮೂರನೆಯ ಸಲ ಬರೆಯದಂತೆ ಮಾಡಲೆಂದೇ ನಾನು ಆರನೆಯ ನಿಯಮ ಬರೆದದ್ದು.

ಅವರಿಗೆ ಕ್ಷಮೆ ಕೇಳಿ, ಹೆಬ್ಬಾತಕ್ಕ ನಾನೇ ಎಂದೂ ಬರೆದೆ. ಆರು ಸಾಲಿಗೆ ಎರಡು ಗಂಟೆ ಹಿಡಿಯಿತು. ನನಗೆ ಇಂಥದ್ದು ಅಭ್ಯಾಸವಿಲ್ಲ. ರೈಲು ಎಷ್ಟು ತಡವಾದರೂ ‘ವಿಷಾದಿಸುತ್ತೇವೆ’ ಎಂದು ನಿಲ್ದಾಣದ ಪರವಾಗಿ ಕೂಗಿದ್ದೇನೆಯೇ ಹೊರತು ನನ್ನ ಪರವಾಗಿ ಯಾವತ್ತೂ ಇಲ್ಲ.

ನವೆಂಬರ್ 29

ಕರಡಿಯ ಉತ್ತರ ಬಂತು.

“ಬೇಜಾರೇನಿಲ್ಲ ತಾಯಿ. ಜುಲೈ ತಿಂಗಳ ಬಿಸಿಲಲ್ಲಿ ಕರಡಿ ಚರ್ಮದೊಳಗೆ ನಿಂತೋನು ನಾನು, ಇಷ್ಟಕ್ಕೆಲ್ಲ ಬೆವರಲ್ಲ. ನಿಮ್ಮ ಓಟ ನಾನು ಕಣ್ಣಾರೆ ನೋಡಿದೀನಿ. ಆವತ್ತು ಸಾಮಾನು ಹೊರೋಕೆ ನನ್ನನ್ನೂ ರುಸೆಗೆ ಕರ್ಕೊಂಡು ಬಂದಿದ್ರು. ಬೆಂಚಿನ ಮೇಲೆ ಕೂತು ಕಲ್ಲಂಗಡಿ ತಿಂತಿದ್ದೆ. ನಗು ತಡೀಲಾರ್ದೆ ಬೀಜ ಗಂಟಲಿಗೆ ಸಿಕ್ಕಾಕ್ಕೊಳ್ತು. ಆ ಹೆಬ್ಬಾತು ಆಮೇಲೆ ನನ್ನನ್ನೂ ಕಚ್ತು.”

ಒಂದು ವಾರದ ಮೇಲೆ ಹರಟೆಗುಂಪಿಗೆ ಹೋಗಿ ಇದನ್ನು ಹಾಕಿದೆ. ಬಿಲ್ಯಾನಾ, “ಎಲ್ಲಿ ಹೋಗಿದ್ರಿ? ನೀವಿಲ್ದೆ ಟೊಪ್ಪಿ ಜೊತೆ ಜಗಳ ಆಡೋರೇ ಇರ್ಲಿಲ್ಲ. ಬಡವಾಗ್ಬಿಟ್ಟಿದಾನೆ,” ಎಂದಳು. ಹಳೇಟೊಪ್ಪಿ ಮಾತ್ರ ಕರಡಿಯ ಕಾಗದವನ್ನು ವಕೀಲನ ಹಾಗೆ ಓದಿದ.

“ನೋಡಿ ಮೇಡಂ. ಹೆಬ್ಬಾತಕ್ಕಂಗೆ ಕರಡಿ ಸಾಕ್ಷಿ. ಕರಡೀಗೆ ಹೆಬ್ಬಾತಕ್ಕ ಸಾಕ್ಷಿ. ಇಬ್ರಿಗೂ ಆಧಾರ ಇಲ್ಲ. ಈ ಕೇಸು ಮೃಗಾಲಯದ ಕೋರ್ಟಲ್ಲಾದ್ರೂ ನಿಲ್ಲುತ್ತಾ ಹೇಳಿ?”

ನನಗೆ ಕೆಮ್ಮು ಬಂತು. ಸಂಜೆ ಜ್ದ್ರಾವ್ಕಾ ಹುರುಳಿಕಾಯಿ ಸೂಪು ತಂದವಳು, “ಏನೇ ಅದು, ಮೂರನೇ ಮಹಡಿಗೆ ಕೇಳೋ ಹಾಗೆ ನಗ್ತಿದ್ದೆ?” ಎಂದಳು. ಕೆಮ್ಮು ಎಂದೆ. “ನಿನಗೆ ಇಪ್ಪತ್ತು ವರ್ಷದಿಂದ ಆ ಕೆಮ್ಮು ಬಂದಿರ್ಲಿಲ್ಲ,” ಎಂದಳು. ಅವಳಿಗೆ ಕಿವಿ ಸರಿಯಿಲ್ಲ.

ಡಿಸೆಂಬರ್ 5

ವೋಟಿನ ಗಡುವು ಮುಗಿಯಿತು. ಹೆಬ್ಬಾತಕ್ಕ ಮೂವತ್ತೇಳು, ಹೆಂಗಸು ಒಂದು. ಪುಟದ ತಲೆಯ ಮೇಲೆ ಅದೇ ಉಳಿಯಿತು. ಒಳಗೆ ‘ನಟಿಯ ಹೆಸರು: ತಿಳಿದಿಲ್ಲ’ ಎಂದಿದೆ. ಹಳೇಟೊಪ್ಪಿ ನನಗೊಬ್ಬಳಿಗೇ ಬರೆದ: “ಮೇಡಂ, ನನಗೆ ನಂಬಿಕೆ ಇದೆ. ಆದ್ರೆ ನಂಬಿಕೆ ಅನ್ನೋದು ಆಧಾರ ಅಲ್ಲ ಅಂತ ಕಲಿಸಿದ್ದು ನೀವೇ. ಕರಡಿಗೊಂದು, ನಿಮಗೊಂದು ಅಂತ ಮಾಡಕ್ಕಾಗಲ್ಲ.”

ಒಳ್ಳೆಯ ಸಂಪಾದಕ. ಶನಿ.

ಡಿಸೆಂಬರ್ 9

ಪ್ಲಾಸ್ಟರ್ ತೆಗೆದರು. ಒಳಗಿದ್ದ ಕಾಲು ನನ್ನದಲ್ಲ, ಯಾವುದೋ ಕೊಕ್ಕರೆಯದು. ಕೋಲು ಹಿಡಿದು ನಡೆಯಿರಿ, ಓಡಬೇಡಿ ಎಂದರು ಡಾಕ್ಟರು. ಈ ವಯಸ್ಸಿನಲ್ಲಿ ಯಾರು ಓಡುತ್ತಾರೆ?

ಡಿಸೆಂಬರ್ 16

ಕೋಲು ಮನೆಯಲ್ಲಿಟ್ಟು ಮಾರುಕಟ್ಟೆಗೆ ಹೋಗಿದ್ದೆ. ಬರುವಾಗ ಬಸ್ಸು ಹೊರಟೇಬಿಟ್ಟಿತ್ತು. ಹೆಬ್ಬಾತಕ್ಕನ ಹಾಗೆ ಓಡಿದೆ, ಸಿಕ್ಕಿತು. ಸಣ್ಣ ಕುಂಬಳಕಾಯಿ ಸಿಗಲಿಲ್ಲ. ದೊಡ್ಡದೇ ತಂದಿದ್ದೇನೆ.

ಡಿಸೆಂಬರ್ 19

ನಾಳೆ ಇಗ್ನಾಜ್ದೆನ್, ಸಂತನೊಬ್ಬನ ಹಬ್ಬ. ಇಸ್ಕ್ರಾ ಎಂದು ಹೆಸರಿಟ್ಟುಕೊಂಡವರ ಹೆಸರಿನ ಹಬ್ಬವೂ ನಾಳೆಯೇ. ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವಂತಿಲ್ಲ. ನೆನಪಿದ್ದವರು ತಾವಾಗಿ ಬರಬೇಕು. ಕೆಲಸದಲ್ಲಿದ್ದಾಗ ಇಡೀ ನಿಲ್ದಾಣವೇ ಬರುತ್ತಿತ್ತು. ಒಮ್ಮೆ ಸಿಗ್ನಲಿನವನೂ ಬಂದುಬಿಟ್ಟು ವಾರ್ನಾ ರೈಲು ಹನ್ನೆರಡು ನಿಮಿಷ ಊರಾಚೆ ನಿಂತಿತ್ತು.

ಇಗ್ನಾಜ್ದೆನ್ ದಿನ ಮನೆಯೊಳಗೆ ಮೊದಲು ಕಾಲಿಟ್ಟವರು ಹೇಗೋ ಆ ವರ್ಷವೂ ಹಾಗೆ. ಆ ದಿನ ಜ್ದ್ರಾವ್ಕಾ ಬೆಳಿಗ್ಗೆ ಬರುವುದೇ ಇಲ್ಲ. ನಿವೃತ್ತಿಯಾದ ವರ್ಷ ಅವಳು ಮೊದಲು ಬಂದಿದ್ದಳು, ಮಾರನೆಯ ವಾರವೇ ನನ್ನ ಬಾಯ್ಲರ್ ಒಡೆಯಿತು. ಅಲ್ಲಿಂದ ಮುಂದೆ ನಾನೇ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತೇನೆ, ಸ್ವಲ್ಪ ಹೊತ್ತು ನಿಂತು ನಾನೇ ಒಳಗೆ ಬರುತ್ತೇನೆ. ವರ್ಷ ನನ್ನ ಹಾಗೆಯೇ ಇರುತ್ತದೆ. ಅಂಥ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ.

ಕುಂಬಳಕಾಯಿ ತುರಿದು, ಅಕ್ರೋಟು ಕುಟ್ಟಿ ಇಟ್ಟಾಯಿತು. ಹಬ್ಬದ ಸಿಹಿ ತಿಕ್ವೆನಿಕ್ ದೊಡ್ಡ ತಟ್ಟೆಯ ತುಂಬ ಆಗುತ್ತದೆ. ಉಳಿದದ್ದನ್ನು ಜ್ದ್ರಾವ್ಕಾಗೆ ಕೊಟ್ಟರಾಯಿತು.

ಡಿಸೆಂಬರ್ 20

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ತಿಕ್ವೆನಿಕ್ ಒಲೆಯೊಳಗಿತ್ತು. ಬೆಳಿಗ್ಗೆ ಹತ್ತಕ್ಕೆ ಪ್ರತಿ ವರ್ಷದ ಹಾಗೆ ಚಪ್ಪಲಿ ಮೆಟ್ಟಿ ಹೊರಗೆ ಬಂದು ನಿಂತೆ. ಇನ್ನೇನು ಒಳಗೆ ಹೋಗಬೇಕು, ಕೆಳಗಿನಿಂದ ಮೆಟ್ಟಿಲು ಹತ್ತುವ ಸದ್ದು, ಏದುಸಿರು, ಒಬ್ಬ ಗಂಡಸಿನ ದನಿ: “ಲಿಫ್ಟು ಕೆಟ್ಟಿದೆ ಅಂತ ಅವ್ರು ತಿಂಗಳಿಂದ ಹೇಳ್ತಾನೇ ಇದ್ರು. ನಾನು ಆಧಾರ ಕೇಳಿದ್ದೆ.”

ಮೂವರು. ಮುಂದೆ ಸಣಕಲು ಆಳು, ಕೈಯಲ್ಲಿ ನಿಜವಾಗಿಯೂ ಒಂದು ಹಳೆಯ ಟೊಪ್ಪಿ. ಅವನ ಹಿಂದೆ ಜಾಮಿನ ಬಾಟಲಿ ಹಿಡಿದ ದುಂಡು ಮುಖದ ಹೆಂಗಸು. ಕೊನೆಯಲ್ಲಿ ಬಾಗಿಲಗಲದ ಮುದುಕರು, ಕಂಬಿಗೆ ಒರಗಿ ಉಸಿರು ಎಳೆಯುತ್ತಿದ್ದರು.

“ಇಸ್ಕ್ರಾ ಮೇಡಂ,” ಎಂದ ಸಣಕಲು ಆಳು, “ನಾನು ವೆಲಿಸ್ಲಾವ್. ಹಳೇಟೊಪ್ಪಿ. ಇವಳು ಬಿಲ್ಯಾನಾ. ಅವರು ಕರಡಿ. ಮೂರೂರಿಂದ ಮೂರು ರೈಲಲ್ಲಿ ಬಂದಿದೀವಿ. ಹಬ್ಬದ ಶುಭಾಶಯ.”

“ರಾಜ್‌ಗ್ರಾದ್ ರೈಲು ಎಷ್ಟು ತಡ?” ಎಂದು ಕೇಳಿದೆ. ಬಾಯಿಗೆ ಬಂದದ್ದು ಅದೊಂದೇ.

“ಹದಿನೇಳು ನಿಮಿಷ.”

“ಸರಿಯಾಗೇ ಇದೆ ಹಾಗಾದ್ರೆ.”

ಹೊಸ್ತಿಲ ಮುಂದೆ ಎಲ್ಲರೂ ನಿಂತರು. ಇವತ್ತಿನ ದಿನ ಮೊದಲು ಯಾರು ಕಾಲಿಡಬೇಕು? “ನಾನು ಬೇಡಪ್ಪಾ,” ಎಂದ ವೆಲಿಸ್ಲಾವ್. “ಆಧಾರ ಕೇಳಿದ ಪಾಪಿ ನಾನು. ವರ್ಷ ಪೂರ್ತಿ ಜಗಳ ಆಗುತ್ತೆ.” ಬಿಲ್ಯಾನಾ, “ನಾನು ಹೋದ್ರೆ ವರ್ಷ ಪೂರ್ತಿ ಪಂಚಾಯ್ತಿ,” ಎಂದಳು. ಮೆತೋದಿ, “ಕರಡಿ ಮೊದಲು ನುಗ್ಗಿದ ಮನೆ ಉದ್ಧಾರ ಆಗಿದ್ದನ್ನ ನಾನಂತೂ ಕಂಡಿಲ್ಲ,” ಎಂದರು. ಮನೆಯ ಬಾಗಿಲಲ್ಲೂ ಚರ್ಚಾ ಪುಟ ಶುರುವಾಯಿತು. ಬಿಲ್ಯಾನಾ ವೋಟಿನ ಮಾತೆತ್ತುವಷ್ಟರಲ್ಲಿ ಸುಟ್ಟ ವಾಸನೆ ಬಂತು.

ತಿಕ್ವೆನಿಕ್.

ಕಾಲು ಮರೆತೆ, ಡಾಕ್ಟರನ್ನು ಮರೆತೆ. ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು ಪಡಸಾಲೆಯ ಉದ್ದಕ್ಕೂ ಓಡಿದೆ. ಒಲೆ ಆರಿಸಿ, ತಟ್ಟೆ ಹೊರಗೆಳೆದು ತಿರುಗಿದರೆ ಮೂವರೂ ಬಾಗಿಲಲ್ಲಿ ಹಾಗೆಯೇ ನಿಂತಿದ್ದರು. ವೆಲಿಸ್ಲಾವ್ ನನ್ನ ಎಡಗೈಯನ್ನೇ ನೋಡುತ್ತಿದ್ದ. ಅದು ಇನ್ನೂ ಹುಟ್ಟು ಹಾಕುವವರ ಹಾಗೆ ಗಾಳಿಯಲ್ಲಿಯೇ ಇತ್ತು.

“ಆ ಮೊಣಕೈ,” ಎಂದ ಅವನು.

“ಅದೇ ಓಟ,” ಎಂದರು ಮೆತೋದಿ. “ಕಲ್ಲಂಗಡಿ ಒಂದು ಇಲ್ಲ ಅಷ್ಟೇ.”

“ಮೇಡಂ, ನಾನು ಆ ನಲವತ್ತೊಂದು ಸೆಕೆಂಡನ್ನ ಸಾವಿರ ಸಲ ನೋಡಿದೀನಿ. ಚಿಕ್ಕೋನಿದ್ದಾಗ ಅಮ್ಮ ಕೆಲಸದಿಂದ ಬರೋದು ತಡ ಆದಾಗೆಲ್ಲ ಅಜ್ಜಿ ಅದನ್ನೇ ಹಾಕೋರು.” ಟೊಪ್ಪಿಯನ್ನು ಎದೆಗೆ ಹಿಡಿದುಕೊಂಡಿದ್ದ. “ಆಧಾರ ಸಿಕ್ತು.”

ಆಮೇಲೆ ಅವನು ಹೊಸ್ತಿಲನ್ನು ನೋಡಿ ನಗತೊಡಗಿದ. ಅಷ್ಟೆಲ್ಲ ಚರ್ಚೆ ನಡೆದು, ಕೊನೆಗೆ ಈ ವರ್ಷವೂ ಮೊದಲು ಒಳಗೆ ಹೋದವಳು ನಾನೇ. “ನೀವಲ್ಲ,” ಎಂದಳು ಬಿಲ್ಯಾನಾ. “ಹೆಬ್ಬಾತಕ್ಕ. ನಾವು ಮೂವರು ನೋಡಿದೀವಿ.”

ಸೀದ ಅಂಚು ಕೊಯ್ದು ತೆಗೆದು ತಿಕ್ವೆನಿಕ್ ಬಡಿಸಿದೆ. ಮೆತೋದಿ ಸೀದ ಅಂಚನ್ನೂ ಬಿಡಲಿಲ್ಲ. ಹಣ್ಣಿನ ಸಾರಾಯಿ ರಕಿಯಾ ಬಂತು, ವಾಸನೆ ಹಿಡಿದು ಜ್ದ್ರಾವ್ಕಾಳೂ ಬಂದಳು. ತಟ್ಟೆ ಖಾಲಿಯಾದ ಮೇಲೆ ವೆಲಿಸ್ಲಾವ್ ಲ್ಯಾಪ್‌ಟಾಪ್ ತೆರೆದ. “ಶೀರ್ಷಿಕೆ ‘ಇಸ್ಕ್ರಾ ಮಿಂದೋವಾ’ ಅಂತ ಬದಲಾಯಿಸ್ಲಾ ಮೇಡಂ? ಬೇಡ ಅನ್ನೋ ಧೈರ್ಯ ಇನ್ಯಾರಿಗೂ ಬರಲ್ಲ.”

ನಲವತ್ತೆರಡು ವರ್ಷದಿಂದ ಕಾದಿದ್ದ ಮಾತು. ಯಾಕೋ ಸ್ಪೇನಿನಲ್ಲಿ ಕೋಣೆ ಗುಡಿಸುವ ಹೆಂಗಸು ನೆನಪಾದಳು. ಎಲ್ಲ ಕೈಜಾರಿದ ದಿನ ಅವಳು ಹೆಬ್ಬಾತಕ್ಕನನ್ನು ಹುಡುಕುತ್ತಾಳೆ. ಮಿಂದೋವಾ ಎಂದಿದ್ದರೆ ಸಿಗುವುದು ಹೇಗೆ?

“ಮೇಲೆ ಹೆಬ್ಬಾತಕ್ಕನೇ ಇರಲಿ,” ಎಂದೆ. “ನನ್ನ ಹೆಸರು ಒಳಗೆ ಮೊದಲ್ನೇ ಸಾಲಲ್ಲಿ ಬರೀರಿ. ಮೆತೋದಿ ಅವರದ್ದೂ ಕರಡಿ ಪುಟದಲ್ಲಿ ಸೇರಿಸಿ.”

“ಕರಡಿಗೆ ಆಧಾರ?”

“ಹೆಬ್ಬಾತಕ್ಕ.”

ಅವನು ಬರೆದ. ನನ್ನ ಪುಟದ ಆಧಾರದ ಕಡೆಗೆ ಬಂದಾಗ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಎದ್ದು ನಿಂತು, ಮೈಕಿನ ಮುಂದೆ ನಿಲ್ಲುತ್ತಿದ್ದ ಹಾಗೆ ನಿಂತು ಹೇಳಿದೆ: “ಡಿಸೆಂಬರ್ ಇಪ್ಪತ್ತು, ರುಸೆ, ಐದನೇ ಮಹಡಿ. ಓಟವನ್ನು ಮೂವರು ಕಣ್ಣಾರೆ ಕಂಡಿದ್ದಾರೆ.” ಮೆತೋದಿ ಚಪ್ಪಾಳೆ ತಟ್ಟಿದರು. ಆ ದನಿ ಇನ್ನೂ ಇದೆ ಎಂದು ನನಗೇ ಗೊತ್ತಿರಲಿಲ್ಲ.

ನಾಲ್ಕೂವರೆಗೆ ಅವರವರ ರೈಲಿಗೆ ಹೊರಟವರನ್ನು ಕೆಳಗಿನವರೆಗೆ ಹೋಗಿ ಬಿಟ್ಟು ಬಂದೆ. ಆರನೆಯ ನಿಯಮ ತಿದ್ದುವ ಬಗ್ಗೆ ಭಾನುವಾರ ಚರ್ಚೆ. ವೆಲಿಸ್ಲಾವ್ ಈಗಾಗಲೇ ವಿರೋಧಿಸಿದ್ದಾನೆ.

ಸಂಜೆ ಜ್ದ್ರಾವ್ಕಾಳ ಜೊತೆ ಕೂತು ಮೂರನೆಯ ಕಂತು ನೋಡಿದೆ. ಹುಡುಗಿ ಚೆನ್ನಾಗಿಯೇ ಓಡುತ್ತಾಳೆ.